ಅವ್ವನ ಕಡೆಯ ಕುದುರೆ

ನಮ್ಮ ಮನೆಯ ಹಾಲಿನ ಪಾತ್ರೆಯ ಮೇಲೆ ಒಂದು ಮಹಾಯುದ್ಧ ಕೂತಿದೆ. ದಪ್ಪ ರಟ್ಟು, ಒಳಗೆ ಮಡಚಿಟ್ಟ ನಕ್ಷೆಗಳು, ಎತ್ತಿದರೆ ಮಣಿಕಟ್ಟು ನೋಯುವಷ್ಟು ತೂಕ. ಬರೆದವರು ಯಾವುದೋ ದೇಶದ ದೊಡ್ಡ ಜನರಲ್. ಇಡೀ ಒಂದು ಖಂಡವನ್ನು ತಾವು ಹೇಗೆ ಗೆದ್ದೆವೆಂದು ಅದರಲ್ಲಿ ವಿವರಿಸಿದ್ದಾರೆ. ನನ್ನ ಹೆಂಡತಿ ಶಾರದೆಗೆ ಖಂಡದ ವಿಷಯದಲ್ಲಿ ಆಸಕ್ತಿಯಿಲ್ಲ. ಪಕ್ಕದ ಮನೆಯ ಬೆಕ್ಕನ್ನು ತಡೆಯಲು ನನ್ನ ಬೀರುವಿನ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಇಟ್ಟು ನೋಡಿ, ಕೊನೆಗೆ ಇದನ್ನು ಆರಿಸಿದಳು. “ನೀವು ತಂದಿರೋದ್ರಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ ಕಣ್ರೀ” ಎನ್ನುತ್ತಾಳೆ. ಪುಸ್ತಕ ವಿಮರ್ಶೆ ಎಂದರೆ ಹೀಗೆ ಚಿಕ್ಕದಾಗಿರಬೇಕು ಎಂದು ನಾನೂ ಒಪ್ಪಿಕೊಂಡಿದ್ದೇನೆ.

ನಾನು ಹುಣಸೂರಿನಲ್ಲಿ ಗೊಬ್ಬರ, ಬಿತ್ತನೆಬೀಜದ ಅಂಗಡಿ ಇಟ್ಟುಕೊಂಡವನು. ಹೆಸರು ನಂಜುಂಡ, ಮನೆಯವರ ಬಾಯಲ್ಲಿ ನಂಜ. ಯುದ್ಧದ ಪುಸ್ತಕ ಓದುವುದು ನನ್ನ ಚಟ. ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಚುನಾವಣೆಗೆ ನಿಲ್ಲುತ್ತಾರೆ. ನಾನು ಗಲ್ಲಾದ ಹಿಂದೆ ಕೂತು ಕೋಟೆಗೆ ಮುತ್ತಿಗೆ ಹಾಕುತ್ತೇನೆ. ನಿಜ ಹೇಳಬೇಕೆಂದರೆ ಜಿರಲೆ ಕಂಡರೂ ನನಗೆ ಮೈ ಜುಮ್ಮೆನ್ನುತ್ತದೆ. ಗೋದಾಮಿಗೆ ಹಾವು ಹೊಕ್ಕಾಗ ಶಾರದೆಯನ್ನು ಮುಂದೆ ಬಿಟ್ಟು ಹಿಂದಿನಿಂದ ಸಲಹೆ ಕೊಟ್ಟವನು ನಾನು. ಆದರೆ ಮರಳುಗಾಡಿನಲ್ಲಿ ಟ್ಯಾಂಕುಗಳನ್ನು ಎಲ್ಲಿ ನಿಲ್ಲಿಸಬೇಕಿತ್ತು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಈ ರೋಗ ಹತ್ತಿದ್ದು ಸಂತೆಯಲ್ಲಿ. ಅಪ್ಪ ಎತ್ತಿನ ಹಗ್ಗಕ್ಕೆ ಚೌಕಾಸಿ ಮಾಡುತ್ತ ನಿಂತರೆ ನನ್ನ ಕೈಗೊಂದು ಕಡಲೆಕಾಯಿಯ ಪೊಟ್ಟಣ ಕೊಡಿಸಿ ಬಾಯಿ ಮುಚ್ಚಿಸುತ್ತಿದ್ದ. ಒಂದು ಸಲ ಆ ಪೊಟ್ಟಣದ ಕಾಗದ ಯಾವುದೋ ಸೈನಿಕನ ಕಥೆಯ ಹಾಳೆಯಾಗಿತ್ತು. ಅವನು ಬೂಟುಗಳನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ನದಿ ದಾಟುತ್ತಿದ್ದ. ನೀರು ಎದೆಮಟ್ಟಕ್ಕೆ ಬಂದಿತ್ತು. ಅಲ್ಲಿಗೆ ಹಾಳೆ ಮುಗಿಯಿತು. ಮುಂದೇನಾಯಿತೋ ತಿಳಿಯಲೇಬೇಕೆಂದು ಅತ್ತು ಕರೆದು ಇನ್ನೊಂದು ಪೊಟ್ಟಣ ಕೊಡಿಸಿಕೊಂಡರೆ ಅದರಲ್ಲಿ ಕುಂಬಳಕಾಯಿ ಹಲ್ವ ಮಾಡುವ ವಿಧಾನವಿತ್ತು. ಆ ಸೈನಿಕ ದಡ ಸೇರಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊಟ್ಟೆನೋವು ಬಂದಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಸೈನ್ಯದ ಬಗ್ಗೆ ನನ್ನ ಇನ್ನೊಂದು ಆಧಾರಗ್ರಂಥವೆಂದರೆ ಕೆ.ಆರ್. ನಗರದ ಮಿಲಿಟರಿ ಹೋಟೆಲು. ಕಬ್ಬಿನ ಗಾಡಿಯ ಜೊತೆ ಹೋದಾಗ ಅಪ್ಪ ಅಲ್ಲಿ ಮುದ್ದೆ, ಮಾಂಸದ ಸಾರು ಹಾಕಿಸುತ್ತಿದ್ದ. ಬೋರ್ಡು ನೋಡಿ, ಯುದ್ಧವಿಲ್ಲದ ದಿನ ಸೈನಿಕರೆಲ್ಲ ಇಲ್ಲಿ ಬಂದು ಸಾರು ಕಾಯಿಸುತ್ತಾರೆ ಎಂದು ನಂಬಿದ್ದೆ. ಬಡಿಸುವವನ ಬನಿಯನ್ನು, ಹೆಗಲ ಮೇಲಿನ ಟವೆಲು ನೋಡಿ ಇವನು ಕ್ಯಾಪ್ಟನ್ ಇರಬಹುದು ಎಂದುಕೊಂಡು ಎದ್ದುನಿಂತು ಸಲ್ಯೂಟ್ ಹೊಡೆದೆ. ಅವನು ಖುಷಿಯಾಗಿ ನನಗೊಂದು ಮೂಳೆ ಹೆಚ್ಚಿಗೆ ಹಾಕಿದ.

ದೊಡ್ಡವನಾಗಿ ಕೈಯಲ್ಲಿ ನಾಲ್ಕು ಕಾಸಾಡಿದ ಮೇಲೆ ಮೈಸೂರಿನ ಹಳೇ ಪುಸ್ತಕದ ಅಂಗಡಿಗಳಿಂದ ಯುದ್ಧದ ಪುಸ್ತಕಗಳನ್ನು ಹೊತ್ತು ತಂದೆ. ಯುದ್ಧದ ಹೆಸರಾಂತ ಗ್ರಂಥಗಳಲ್ಲಿ ಅಗ್ರಸ್ಥಾನ ಜನರಲ್ಲುಗಳ ಆತ್ಮಕಥೆಗಳದ್ದು. ಇವುಗಳ ವಿಶೇಷವೆಂದರೆ ಎಲ್ಲ ಜನರಲ್ಲುಗಳೂ ಸರಿಯಾಗಿಯೇ ಇದ್ದರು. ತಪ್ಪು ಮಾಡಿದ್ದು ಮಳೆ, ಪಕ್ಕದ ಜನರಲ್ಲು, ಮತ್ತು ರಾಜಧಾನಿಯಲ್ಲಿ ಕೂತ ಮಂತ್ರಿ. ಅದೇ ಯುದ್ಧದ ಬಗ್ಗೆ ಆ ಪಕ್ಕದ ಜನರಲ್ಲು ಬರೆದದ್ದನ್ನು ಓದಿದರೆ ತಪ್ಪು ಈ ಜನರಲ್ ಸಾಹೇಬರದು. ಸೋತ ಕಡೆಯವರು ಬರೆದದ್ದಂತೂ ಇನ್ನೂ ದಪ್ಪ. ಸೋಲನ್ನು ಸಮರ್ಥಿಸಲು ಗೆಲುವಿಗಿಂತ ಹೆಚ್ಚು ಪುಟ ಬೇಕು. ನಮ್ಮ ಹಾಲಿನ ಪಾತ್ರೆಯ ಮೇಲಿರುವುದು ಗೆದ್ದವರದು, ಆದ್ದರಿಂದ ಒಂದು ಮಳೆಗಾಲದಲ್ಲಿ ಬೆಕ್ಕು ಅದನ್ನೂ ಅಲುಗಾಡಿಸಿತ್ತು.

ಆಮೇಲೆ ಸರ್ಕಾರಗಳೇ ಬರೆಸುವ ಇತಿಹಾಸಗಳು. ಇವುಗಳಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ತಾನಾಗಿಯೇ ಆಗಿಬಿಡುತ್ತದೆ. ಸೇತುವೆ ಉಡಾಯಿಸಲ್ಪಡುತ್ತದೆ, ಊರು ತೆರವುಗೊಳಿಸಲ್ಪಡುತ್ತದೆ. ನಕ್ಷೆಯ ಮೇಲೆ ಕೆಂಪು ಬಾಣ, ನೀಲಿ ಬಾಣ. ನನಗೆ ಈ ಬಾಣಗಳೆಂದರೆ ಪ್ರಾಣ. ಬಾಣಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ಮದುವೆಗೆ ರಜ ಕೇಳುವುದಿಲ್ಲ. ಬೆಟ್ಟ ಹತ್ತಿಸಿದರೂ ಸುಸ್ತೆನ್ನದೆ ಹತ್ತುತ್ತದೆ.

ಕೊನೆಗೆ ಸಾಮಾನ್ಯ ಸಿಪಾಯಿಗಳು ಬರೆದುಕೊಂಡ ನೆನಪುಗಳು. ಲೋಕ ಇವನ್ನು ಬಹಳ ಹೊಗಳುತ್ತದೆ. ನನಗೆ ಮಾತ್ರ ಮೊದಮೊದಲು ನಿರಾಸೆಯಾಯಿತು. ಕೋಟೆಯ ಗೋಡೆ ಬಿರಿಯುವ ಹೊತ್ತಿಗೆ ಸರಿಯಾಗಿ ಈ ಮಹಾಶಯ ತನ್ನ ಒದ್ದೆ ಕಾಲುಚೀಲದ ವಿಷಯ ತೆಗೆಯುತ್ತಾನೆ. ಹೇನು, ಅಜೀರ್ಣ, ತಣ್ಣಗಾದ ಚಹಾ, ಅವ್ವನ ಕೈ ಅಡುಗೆ. ಕಾಲುಚೀಲ ಬಂದ ಕೂಡಲೇ ನಾನು ಪುಟ ಹಾರಿಸಿ ಫಿರಂಗಿ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಹೀಗೆ ಓದಿದ್ದರಿಂದ ನನ್ನ ಮಟ್ಟಿಗೆ ಯಾವ ಯುದ್ಧದಲ್ಲೂ ಯಾರ ಕಾಲೂ ನೆನೆದಿರಲಿಲ್ಲ.

ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೂ ಇಲ್ಲವಲ್ಲ. ಅಂಗಡಿಯಲ್ಲಿ ಯೂರಿಯಾ ಮೂಟೆಗಳನ್ನು ಗುಡ್ಡವಾಗಿ, ಬೇವಿನ ಹಿಂಡಿಯನ್ನು ಶತ್ರುವಿನ ಠಾಣೆಯಾಗಿ ಇಟ್ಟು ಗಿರಾಕಿಗಳಿಗೆ ವ್ಯೂಹ ವಿವರಿಸುತ್ತಿದ್ದೆ. ಹನಗೋಡಿನ ಕಡೆಯ ರೈತರೊಬ್ಬರು ಬಹಳ ಹೊತ್ತು ಕೇಳಿಸಿಕೊಂಡು, “ಅಣ್ಣೋ, ಯುದ್ಧ ನಾಳೆ ಗೆಲ್ಲೀರಂತೆ, ಈಗ ಒಂದ್ ಮೂಟೆ ಪೊಟ್ಯಾಷ್ ಕೊಟ್ಟು ಕಳ್ಸಿ, ಬಸ್ಸು ಹೊರಟೋಯ್ತದೆ” ಎಂದರು. ಪೊಟ್ಯಾಷ್ ಗುಡ್ಡದ ಬುಡದಲ್ಲಿತ್ತು. ತೆಗೆದಾಗ ನನ್ನ ಎಡಪಾರ್ಶ್ವ ಪೂರ್ತಿ ಕುಸಿಯಿತು.

ನಾನೊಬ್ಬನೇ ಹೀಗೆ ಎಂದು ತಿಳಿಯಬೇಡಿ. ನಮ್ಮ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಯುದ್ಧ ಘೋಷಣೆಯಾಗುತ್ತದೆ. ಮೊಬೈಲಿನಲ್ಲಿ ಬಂದದ್ದನ್ನು ಓದಿಕೊಂಡು ಕೂತವರು ನೆರೆದೇಶಗಳನ್ನು ಒಂದೊಂದಾಗಿ ನೆಲಸಮ ಮಾಡುತ್ತಾರೆ. ಟೀ ಸ್ವಲ್ಪ ತಣ್ಣಗಿದ್ದರೆ ಮಾತ್ರ ಸಹಿಸುವುದಿಲ್ಲ, ದೊಡ್ಡ ರಾದ್ಧಾಂತ. ಇವರಲ್ಲಿ ಯಾರ ಮಗನೂ ಸೈನ್ಯದಲ್ಲಿಲ್ಲ. ಒಬ್ಬನಿಗೆ ಹೋಗುವ ಮನಸ್ಸಿತ್ತಂತೆ, ಅವರಮ್ಮ ಊಟ ಬಿಟ್ಟು ಮಲಗಿದರಂತೆ.

ಇಷ್ಟೆಲ್ಲ ಶೌರ್ಯದ ನಡುವೆ ನಮ್ಮ ಮನೆತನಕ್ಕೆ ನಿಜವಾದ ಸೈನಿಕರೊಬ್ಬರು ಸೇರಿಕೊಂಡಿದ್ದರು. ಅವರೇ ನಮ್ಮ ಭಾವ, ಜಯಕ್ಕನ ಗಂಡ, ಪಿರಿಯಾಪಟ್ಟಣದ ಆಚೆಯ ಹಳ್ಳಿಯ ಮಿಲ್ಟ್ರಿ ಸಣ್ಣೇಗೌಡರು. ಹೆಸರು ಸಣ್ಣೇಗೌಡ, ಆಳು ಬಾಗಿಲಿಗೆ ಬಗ್ಗಿ ಬರುವಷ್ಟು ಎತ್ತರ. ಮದುವೆ ಮಾತಿಗೆ ಬಂದ ದಲ್ಲಾಳಿ “ಹುಡ್ಗ ಬಂದೂಕ ಹಿಡಿಯೋ ಕೆಲ್ಸ” ಎಂದಿದ್ದ. ಮದುವೆಯಾಗಿ ಮೊದಲ ರಜಕ್ಕೆ ಬಂದಾಗ, ನಮ್ಮ ಮನೆಯ ಊಟದ ಸಾಲಿನಲ್ಲಿ, ಬಂಧುಗಳೆಲ್ಲ ಎದುರಿಗಿರುವಾಗ ಅಪ್ಪ ಕೇಳಿದ: “ಅಳಿಯಂದ್ರೆ, ಅಲ್ಲಿ ನಿಮ್ ಕೆಲ್ಸ ಏನು?”

“ಖಚ್ಚರ್ ನೋಡ್ಕೊಳಾದು ಮಾವ. ನಮ್ ಕಡೆ ಹೇಸರಗತ್ತೆ ಅಂತೀವಲ್ಲ, ಅದು. ಗುಡ್ಡದ ಮೇಲಿರೋರ್ಗೆ ಸಾಮಾನು ಹೊರ್ಸ್ಕಂಡು ಹೋಗಾದು.”

ಸಾಲಿನಲ್ಲಿ ಯಾರೂ ಮುದ್ದೆ ಮುರಿಯಲಿಲ್ಲ. ನಮ್ಮೂರ ಶಾಲೆಯಲ್ಲಿ ಲೆಕ್ಕ ಬಾರದವರಿಗೆ ಮೇಷ್ಟ್ರು ಹೇಳುತ್ತಿದ್ದ ಮಾತು ಒಂದೇ, ಹೋಗಿ ಕತ್ತೆ ಕಾಯಿ ಎಂದು. ಓದಿ, ಓಡಿ, ಎದೆ ಅಳೆಸಿಕೊಂಡು, ದೇಶದ ಆ ತುದಿಗೆ ಹೋಗಿ, ಅಳಿಯ ಕೊನೆಗೆ ಅದನ್ನೇ ಮಾಡುತ್ತಿದ್ದಾನೆ! ಅಕ್ಕ ಒಳಗಿನಿಂದ ಬಂದು ನಡುಮನೆಯ ಕಂಬ ಹಿಡಿದು ನಿಂತಳು.

“ಅದು ಕುದ್ರೆನೋ ಕತ್ತೆನೋ, ಒಂದ್ ಸರಿಯಾಗ್ ಹೇಳಿ.”

ಭಾವ ಸೈನಿಕ ಪ್ರಾಮಾಣಿಕತೆಯಿಂದ ಹೇಳಿದರು: “ಅಪ್ಪ ಕತ್ತೆ, ಅವ್ವ ಕುದ್ರೆ.”

“ಅಂಗಾದ್ರೆ ಇನ್ಮೇಲೆ ಅವ್ವನ ಕಡೆ ಸಂಬಂಧ ಮಾತ್ರ ಹೇಳಿ. ಅಪ್ಪನ ಕಡೆದು ಈ ಮನೇಲಿ ಎತ್ತಬ್ಯಾಡಿ.”

ಅವತ್ತಿನಿಂದ ಭಾವ ಕುದುರೆ ದಳದವರಾದರು. ಎರಡೂ ಊರಿನಲ್ಲಿ ಅದೇ ಪ್ರಚಾರ. ಉತ್ತರದ ಹಿಮದ ಗುಡ್ಡಗಳಲ್ಲಿ ಯುದ್ಧವಾಗಿ, ನಾವೆಲ್ಲ ಟಿ.ವಿ. ಮುಂದೆ ಕೂತು ಚಕ್ಕುಲಿ ತಿನ್ನುತ್ತ ಚಪ್ಪಾಳೆ ಹೊಡೆದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಜನ ಬಂದು ಹೋಗುತ್ತಿದ್ದರು. ಅಕ್ಕ ಅನ್ನ ಬಿಟ್ಟು ಸೊರಗಿದ್ದಳು. ಆದರೂ ಯಾರಾದರೂ ಕೇಳಿದರೆ “ಕುದ್ರೆ ಮೇಲೆ ಅವ್ರೆ ಅವ್ರು” ಎನ್ನುವುದನ್ನು ಮರೆಯುತ್ತಿರಲಿಲ್ಲ.

ಭಾವ ಬದುಕಿ ಬಂದರು, ಆಮೇಲೆ ಪಿಂಚಣಿ ತೆಗೆದುಕೊಂಡು ಹೊಗೆಸೊಪ್ಪು, ಶುಂಠಿ ಬೆಳೆಯುತ್ತ ಊರಲ್ಲೇ ಉಳಿದರು. ಅವರೇನು ಪೂಜೆಗೆ ಯೋಗ್ಯರಾದ ಮನುಷ್ಯರಲ್ಲ. ಬೆಳಗಾಗುವ ಮುಂಚೆ ಸೀಟಿ ಊದಿ ಕೇರಿಯನ್ನೆಲ್ಲ ಎಬ್ಬಿಸುತ್ತಾರೆ. ಕೂಲಿಯವರಿಗೆ ಹಿಂದಿಯಲ್ಲಿ ಬಯ್ಯುತ್ತಾರೆ. ನೆಂಟರ ಮನೆಗೆ ಹೋದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ ಮನೆಯವರಿಗೆ ಮುಜುಗರ ಮಾಡುತ್ತಾರೆ. ಕಥೆ ಹೇಳಲು ಕೂತರೆ ದೇವರೇ ಗತಿ, ಒಂದು ಗಂಟು ಹೇಗೆ ಹಾಕಬೇಕು ಎಂಬಲ್ಲಿಗೇ ಸಂಜೆಯಾಗಿರುತ್ತದೆ.

ಹೀಗಿರುವಾಗ ನಮ್ಮ ಊರಿನ ಸಾಹಿತ್ಯ ಬಳಗಕ್ಕೆ ಒಂದು ಯುದ್ಧಗ್ರಂಥ ತರಬೇಕೆಂಬ ಆಸೆ ಹುಟ್ಟಿತು. ಕಾರಣ ಯುದ್ಧವಲ್ಲ. ಕೋಟೆ ತಾಲ್ಲೂಕಿನವರು ಕಬಿನಿ ಹೊಳೆಯ ಮೇಲೆ ಒಂದು ಪುಸ್ತಕ ತಂದಿದ್ದರು, ಕೆ.ಆರ್. ನಗರದವರು ಭತ್ತದ ತಳಿಗಳ ಮೇಲೆ ತಂದು ಶಾಲು ಹೊದೆಸಿಕೊಂಡಿದ್ದರು. ನಮಗೂ ಒಂದು ಬಿಡುಗಡೆ ಸಮಾರಂಭ ಬೇಕಿತ್ತು, ಅದಕ್ಕೊಂದು ಪುಸ್ತಕ ಬೇಕಿತ್ತು. ಬಳಗದ ಅಧ್ಯಕ್ಷರು ವೀರಭದ್ರಪ್ಪ ಮೇಷ್ಟ್ರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಕೈ ಎತ್ತಿದರೆ ವೀರರಸ ತೊಟ್ಟಿಕ್ಕುತ್ತದೆ. ಸೈನಿಕ ನನ್ನ ಭಾವ, ಯುದ್ಧದ ಪುಸ್ತಕಗಳು ನನ್ನ ಬೀರುವಿನಲ್ಲಿ, ಆದ್ದರಿಂದ ಭಾವನ ಮಾತು ಮೊಬೈಲಿನಲ್ಲಿ ಹಿಡಿದು ತರುವ ಕೆಲಸ ನನಗೆ ಬಿತ್ತು. ಅದನ್ನು ಕಾವ್ಯವಾಗಿಸುವ ಕೆಲಸ ಮೇಷ್ಟ್ರದು.

ನಾನು ಹೋದಾಗ ಭಾವ ಹೊಗೆಸೊಪ್ಪನ್ನು ಕಾವಿಗಿಟ್ಟು ಒಣಗಿಸುವ ಕೋಣೆಯ, ಅಂದರೆ ಬ್ಯಾರನ್ನಿನ, ಒಲೆಗೆ ಸೌದೆ ಒಡ್ಡುತ್ತಿದ್ದರು. ವಿಷಯ ಕೇಳಿ ತಿದಿಯಂತೆ ಉಸಿರು ಬಿಟ್ಟರು.

“ಪುಸ್ತಕ ಮಾಡ್ತೀರಾ? ಮಾಡಿ. ಗೌರಿ ಬರ್ಬೇಕು ಕಣ್ಲಾ ಬಾಮೈದ. ಅವ್ಳ ಹೆಸ್ರು ಬರ್ಬೇಕು. ಬಾಕಿದ್ದೇನಾರ ಬರ್ಕಳ್ಳಿ, ನಂಗೇನೂ ಇಲ್ಲ.”

“ಗೌರಿ ಯಾರು ಭಾವ?”

“ನಂಗೆ ಕೊಟ್ಟಿದ್ ಖಚ್ಚರ್. ನಮ್ಮನೆ ಹಸುವಿನ ಹೆಸ್ರೇ ಇಟ್ಟಿದ್ದೆ.”

ಅಡುಗೆಮನೆಯಿಂದ ಅಕ್ಕನ ಷರತ್ತು ಬಂತು: “ನಂಜ, ಮಗ್ಳು ಕೊಟ್ಟಿರೋ ಮನೆಯೋರು ಓದ್ತಾರೆ ಕಣೋ. ಕತ್ತೆ ಬರಕೂಡ್ದು, ಅಷ್ಟೆ.”

ಗಂಡನ ಷರತ್ತು ಹೆಂಡತಿಯ ಷರತ್ತು ಎದುರುಬದುರಾಗಿ ನಿಂತಾಗ ಏನು ಮಾಡಬೇಕೆಂದು ನನ್ನ ಬೀರುವಿನ ಯಾವ ಜನರಲ್ಲೂ ಬರೆದಿಲ್ಲ. ಭಾವ ಮಾತು ಶುರು ಮಾಡಿದರೆ ಅಕ್ಕ ಒಳಗೆ ಪಾತ್ರೆ ತೊಳೆಯಲು ಶುರು ಮಾಡುತ್ತಿದ್ದಳು. ಮಾತಿನಲ್ಲಿ ಗೌರಿ ಬಂದ ಕೂಡಲೇ ತಟ್ಟೆಗಳು ನೆಲಕ್ಕೆ ಬೀಳುತ್ತಿದ್ದವು. ಮನೆಗೆ ಬಂದು ಕೇಳಿದರೆ ಮೊಬೈಲಿನಲ್ಲಿ ನಿಜವಾಗಿಯೂ ಯುದ್ಧದ ಸದ್ದೇ ಇತ್ತು.

ಕೊನೆಗೆ ಭಾವ ನನ್ನನ್ನು ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆಗೆ ಕರೆದುಕೊಂಡು ಹೋದರು. ಅವರು ಆಗಾಗ ಅಲ್ಲಿಗೆ ಹೋಗುವುದುಂಟು. ಅಕ್ಕ ಅದು ಕುಡಿಯುವುದಕ್ಕೇ ಎಂದು ತೀರ್ಮಾನಿಸಿದ್ದಳು. ಕುಡಿಯುವುದಕ್ಕೇ ನಿಜ, ಆದರೆ ಬೆಣ್ಣೆ ಹಾಕಿದ ಉಪ್ಪು ಚಹಾ. ಆ ಚಹಾದ ಅಂಗಡಿ ನಡೆಸುತ್ತಿದ್ದವರು ಟಿಬೆಟಿನ ಒಬ್ಬ ಮುದುಕರು. ಚಿಕ್ಕವರಿದ್ದಾಗ ಹೇಸರಗತ್ತೆಗಳ ಹಿಂದೆ ನಡೆದು ಹಿಮ ದಾಟಿ ಬಂದವರಂತೆ. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಇಬ್ಬರೂ ಮಾತಾಡುವುದು ಹೇಸರಗತ್ತೆಗಳ ವಿಷಯವೊಂದೇ. ಈ ಭೂಮಿಯ ಮೇಲೆ ಭಾವನ ಮಾತನ್ನು ನಗದೆ ಕೇಳುವ ಜಾಗ ಅದೊಂದೇ ಇತ್ತು, ಅವರು ಸಿಕ್ಕ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದರು.

ನಾನು ಮೊಬೈಲು ಮೇಜಿನ ಮೇಲಿಟ್ಟು, ನನ್ನ ಓದಿನ ಘನತೆಗೆ ತಕ್ಕ ಪ್ರಶ್ನೆ ಕೇಳಿದೆ: “ಶತ್ರು ಎಷ್ಟು ದೂರದಲ್ಲಿದ್ದ ಭಾವ?”

“ಯಾರಿಗ್ಗೊತ್ತು? ನೋಡಕ್ಕೆ ಕಣ್ಣೆತ್ತಿದ್ರೆ ಕಾಲ್ಜಾರ್ತಿತ್ತು. ನಾ ನೋಡಿದ್ದೆಲ್ಲ ಕಾಲ್ದಾರಿ.”

ಆಮೇಲೆ ಅವರು ಹೇಳಿದ್ದು ಇಷ್ಟು. ಗೌರಿ ಒದೆಯುವ ಪ್ರಾಣಿ. ಯಾರೂ ಅವಳ ಹಿಂಭಾಗಕ್ಕೆ ಹೋಗುವ ಹಾಗಿರಲಿಲ್ಲ, ಒಬ್ಬ ಸುಬೇದಾರರ ತೊಡೆಗೇ ಬಾರಿಸಿದ್ದಳು. ಒಂದು ದಿನ ಮೇಲಿನ ಠಾಣೆಗೆ ಸಾಮಾನು ಇಳಿಸಿ ಬರುವಾಗ ಹಿಮದ ಬಿಸಿಲು ಹೊಡೆದು ಭಾವನ ಕಣ್ಣು ಕಾಣದಾಯಿತು. ಹಿಂದೆ ಫಿರಂಗಿಯ ಶೆಲ್ಲು ಬೀಳುತ್ತಿದೆ, ಪಕ್ಕದಲ್ಲಿ ಪ್ರಪಾತ. ಕೈಯಾಡಿಸಿದಾಗ ಸಿಕ್ಕಿದ್ದು ಗೌರಿಯ ಬಾಲ.

“ಬಾಲ ಹಿಡ್ಕಂಡೆ ಕಣ್ಲಾ. ಒದ್ರೆ ಪ್ರಪಾತಕ್ಕೇ ಹೋಗ್ತೀನಿ ಅಂತ ಗೊತ್ತು. ಬಿಟ್ರೂ ಹೋಗ್ತೀನಿ. ಹಿಡ್ಕಂಡೆ.”

ಟಿಬೆಟಿನ ಮುದುಕರು ಚಹಾ ಬಗ್ಗಿಸುವುದನ್ನು ನಿಲ್ಲಿಸಿ ಕೇಳಿದರು: “ಒದ್ದಳಾ?”

“ಅವತ್ತು ಒದೀಲಿಲ್ಲ. ಕೆಳಗಿನ ಕ್ಯಾಂಪ್ ತಂಕ ಎಳ್ಕಂಡು ಬಂದ್ಲು.”

ಕಣ್ಣು ಸರಿಹೋದ ಮೇಲೆ ಭಾವ ಮತ್ತೆ ಅದೇ ದಾರಿ ಹಿಡಿದರು. ಗೌರಿ ಆಮೇಲೊಂದು ದಿನ ಅದೇ ತಿರುವಿನಲ್ಲಿ ಶೆಲ್ಲಿಗೆ ಸಿಕ್ಕಿ, ಬೆನ್ನ ಮೇಲಿನ ಹೊರೆಯ ಸಮೇತ ಕೆಳಗೆ ಹೋದಳು. “ಬೆಳಿಗ್ಗೆ ಇನ್ನೊಂದು ಕೊಟ್ರು” ಎಂದು ಹೇಳಿ ಭಾವ ಲೋಟ ಎತ್ತಿದರು. ಲೋಟದಲ್ಲಿ ಚಹಾ ಇರಲಿಲ್ಲ. ಎಷ್ಟೋ ಮಹಾಯುದ್ಧಗಳನ್ನು ಕಣ್ಣು ಮಿಟುಕಿಸದೆ ಓದಿ ಮುಗಿಸಿದವನು ನಾನು, ಒಂದು ಬಾಲಕ್ಕೆ ಅತ್ತುಬಿಟ್ಟೆ.

ಅದನ್ನು ಹೇಳಿದ ಹಾಗೆಯೇ ಬರೆದು ಮೇಷ್ಟ್ರಿಗೆ ಕೊಟ್ಟೆ. ಕೆಲವು ವಾರಗಳ ನಂತರ ಅಚ್ಚಿಗೆ ಸಿದ್ಧವಾಗಿದ್ದ ಪ್ರತಿ ತೋರಿಸಿದರು. ಶೀರ್ಷಿಕೆ ‘ರಣಧೀರನ ಬೆನ್ನೇರಿ’. ರಣಧೀರ ಎಂದರೆ ಬಿಳಿ ಗಂಡು ಕುದುರೆ. ನಮ್ಮ ಭಾವ ಅದರ ಮೇಲೆ ಕೂತು, ಒಂದು ಕೈಯಲ್ಲಿ ಲಗಾಮು, ಒಂದು ಕೈಯಲ್ಲಿ ಬಂದೂಕು ಹಿಡಿದು ಗುಡ್ಡದ ಮೇಲೆ ಎರಗುತ್ತಾರೆ. ಹೇಷಾರವಕ್ಕೆ ಶತ್ರುಗಳು ದಿಕ್ಕಾಪಾಲಾಗುತ್ತಾರೆ. ಬಾಲದ ಸುದ್ದಿಯೇ ಇಲ್ಲ.

“ಸಾರ್, ಆ ಎತ್ತರದಲ್ಲಿ ಕುದುರೆ ಸವಾರಿ ಮಾಡಕ್ಕಾಗಲ್ಲ. ಭಾವ ಸವಾರಿ ಮಾಡಿದವರೂ ಅಲ್ಲ. ಅವರು ಕೇಳಿದ್ದು ಗೌರಿ ಹೆಸರು ಒಂದೇ” ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. “ನಂಜುಂಡಪ್ಪನವರೇ, ವೀರರಸಕ್ಕೆ ಕತ್ತೆ ಒಗ್ಗೋದಿಲ್ಲ. ಓದುಗ ನಗ್ತಾನೆ. ಗೊಬ್ಬರದ ವಿಷಯ ನೀವು ನೋಡ್ಕೊಳ್ಳಿ, ರಸದ ವಿಷಯ ನಮಗೆ ಬಿಡಿ. ಅಲ್ಲದೆ ನಿಮ್ಮ ಅಕ್ಕನವರೇ ಫೋನ್ ಮಾಡಿ ಕುದುರೆ ಅಂತಲೇ ಇರ್ಲಿ ಅಂದ್ರು.”

ಎರಡು ಕಡೆಯಿಂದಲೂ ಸುತ್ತುವರಿಯಲ್ಪಟ್ಟ ಸೈನ್ಯ ಏನು ಮಾಡುತ್ತದೆ ಎಂದು ನಾನು ಓದಿದ್ದೆ. ಅದನ್ನೇ ಮಾಡಿದೆ, ಶರಣಾದೆ. ಭಾವನಿಗೆ ಮಾತ್ರ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ.

“ಗೌರಿ ಬಂದಿಲ್ವಾ?”

“ಇಲ್ಲ ಭಾವ. ಕುದುರೆ ಬಂದಿದೆ. ರಣಧೀರ ಅಂತ.”

“ಗಂಡಾ?”

“ಹೂಂ.”

ಭಾವ ಒಲೆಗೆ ಸೌದೆ ಒಡ್ಡಿದರು, ಆಗಲೇ ತುಂಬಿದ್ದ ಒಲೆಗೆ ಮತ್ತೆ ಒಡ್ಡಿದರು. ಸಮಾರಂಭಕ್ಕೆ ಬರುವುದಿಲ್ಲ ಎಂದರಂತೆ. ಆದರೆ ಅಷ್ಟು ಹೊತ್ತಿಗೆ ಅಕ್ಕ ಬೀಗರಿಗೆ, ನೆಂಟರಿಗೆ, ಕೇರಿಗೆ ಆಹ್ವಾನ ಪತ್ರಿಕೆ ಹಂಚಿ, ರೇಷ್ಮೆ ಸೀರೆಗೆ ಇಸ್ತ್ರಿ ಮಾಡಿಸಿದ್ದಳು.

ಬಿಡುಗಡೆಯ ದಿನ ಮೇಷ್ಟ್ರು ಯಾರೂ ಊಹಿಸದ ಒಂದು ಏರ್ಪಾಟು ಮಾಡಿದ್ದರು. ಬಸ್ ನಿಲ್ದಾಣದಿಂದ ಸಭಾಂಗಣದವರೆಗೆ ಮೆರವಣಿಗೆ, ಅದಕ್ಕೆ ಮೈಸೂರಿನಿಂದ ಮದುವೆಗೆ ಬಾಡಿಗೆ ಕೊಡುವ ಬಿಳಿ ಕುದುರೆ. ಹಣೆಗೆ ಕುಚ್ಚು, ಕೊರಳಿಗೆ ಗೆಜ್ಜೆ, ಬೆನ್ನ ಮೇಲೆ ಜರತಾರಿ ಹೊದಿಕೆ. ಮುಂದೆ ಬ್ಯಾಂಡ್ ಸೆಟ್ಟು. ನಮ್ಮ ಟೀ ಅಂಗಡಿಯ ಸೇನಾಪತಿಗಳೆಲ್ಲ ಮೊಬೈಲು ಎತ್ತಿ ಹಿಡಿದು ಸಿದ್ಧರಾಗಿ ನಿಂತಿದ್ದರು.

ಭಾವ ಕೋಟಿನ ಮೇಲೆ ಪದಕಗಳನ್ನು ಹಾಕಿಕೊಂಡು ಬಂದಿಳಿದರು. ಮೇಷ್ಟ್ರು “ಏರಿ, ವೀರಯೋಧರೇ” ಎಂದರು. ಭಾವ ಏರಲಿಲ್ಲ. ಕುದುರೆಯ ಸುತ್ತ ಒಂದು ಸುತ್ತು ಬಂದು ಹೊಟ್ಟೆಪಟ್ಟಿಯ ಕೆಳಗೆ ಬೆರಳಿಟ್ಟು ನೋಡಿದರು. ಅಲ್ಲಿ ಉಜ್ಜಿ ಉಜ್ಜಿ ಹುಣ್ಣಾಗಿತ್ತು.

ಅಕ್ಕ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದಳು: “ಹತ್ತಿ ಅಂದ್ರೆ! ಬೀಗ್ರು ನೋಡ್ತವ್ರೆ.”

“ನೋಡ್ಲಿ ಬುಡು” ಎಂದರು ಭಾವ.

ಹೊಟ್ಟೆಪಟ್ಟಿ ಸಡಿಲಿಸಿದರು. ಲಗಾಮನ್ನು ಕೈಗೆ ತೆಗೆದುಕೊಂಡು ಕುದುರೆಯ ಎಡಕ್ಕೆ ನಿಂತರು. ನಾಲಿಗೆಯಲ್ಲಿ ಎಂಥದೋ ಒಂದು ಸದ್ದು ಮಾಡಿದರು. ಅಲ್ಲಿಯವರೆಗೆ ಬ್ಯಾಂಡಿಗೆ ಬೆದರಿ ಕುಣಿಯುತ್ತಿದ್ದ ಪ್ರಾಣಿ ತಲೆ ತಗ್ಗಿಸಿ ಅವರ ಹೆಗಲ ಪಕ್ಕಕ್ಕೆ ಬಂತು. ಇಬ್ಬರೂ ನಡೆಯತೊಡಗಿದರು. ಜರತಾರಿಯ ಬೆನ್ನು ಖಾಲಿಯೇ ಇತ್ತು. ಜನಕ್ಕೆ ಏ​ನೂ ಅರ್ಥವಾಗಲಿಲ್ಲ, ಮೇಷ್ಟ್ರು ಮಾತ್ರ ಎದೆಗುಂದಲಿಲ್ಲ. “ಮಹನೀಯರೇ, ಖಾಲಿ ಕುದುರೆಯನ್ನು ನಡೆಸುವುದು ಸೇನೆಯ ಪುರಾತನ ಸಂಪ್ರದಾಯ!” ಎಂದು ಮೈಕಿನಲ್ಲಿ ಘೋಷಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು.

ಸಭೆಯಲ್ಲಿ ಮುಖ್ಯ ಅತಿಥಿಗಳು ಪುಸ್ತಕ ಓದಲು ಸಮಯ ಸಿಗಲಿಲ್ಲವೆಂದು ತಿಳಿಸಿ, ನಂತರ ಬಹಳ ಹೊತ್ತು ಅದನ್ನು ಹೊಗಳಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ ಆಯಿತು. ಎರಡು ಮಾತು ಎಂದು ಭಾವನಿಗೆ ಮೈಕು ಕೊಟ್ಟರು. ಭಾವ ಪೇಟ ತೆಗೆದು ಕುರ್ಚಿಯ ಮೇಲಿಟ್ಟರು.

“ಈ ಪುಸ್ತಕದಲ್ಲಿ ಕುದ್ರೆ ಮೇಲೆ ಕುಂತಿರೋನು ಯಾರೋ ನಂಗೊತ್ತಿಲ್ಲ. ನಾನು ಹೇಸರಗತ್ತೆ ಹಿಡ್ಕಂಡು ನಡ್ದೋನು. ಅದ್ರ ಹೆಸ್ರು ಗೌರಿ.”

ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಕತ್ತೆಯಂತೋ, ಮಿಲ್ಟ್ರಿ ಕತ್ತೆಯಂತೋ ಎಂದು ಪಿಸುಮಾತು ಹರಡಿತು. ಯಾವನೋ ಒಬ್ಬ ಕತ್ತೆಯ ಹಾಗೆ ಕೂಗಿಯೂ ಬಿಟ್ಟ, ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಬೆಳಿಗ್ಗೆ ನೆರೆದೇಶಗಳನ್ನು ಹೊಸಕಿ ಹಾಕಿ ಬಂದವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನನಗೆ ಸಿಟ್ಟು ಬಂತು. ಭಾವ ನಗು ನಿಲ್ಲಲೆಂದು ಕಾಯಲಿಲ್ಲ. ಹಿಮ, ಕಣ್ಣು, ಬಾಲ, ಎಲ್ಲವನ್ನೂ ಒಲೆಗೆ ಸೌದೆ ಒಡ್ಡಿದಷ್ಟೇ ಸಾವಧಾನವಾಗಿ ಹೇಳಿದರು. “ಅವತ್ತು ಅವ್ಳು ಒದೀಲಿಲ್ಲ. ಅದ್ಕೇ ನಾನು ಊರಿಗೆ ಬಂದೆ. ಇಷ್ಟೇಯ.”

ಆಗ ಮುಂದಿನ ಸಾಲಿನಿಂದ ಅಕ್ಕ ಎದ್ದಳು. ಮುಖ ಕೆಂಪಗಾಗಿತ್ತು. ಗಂಡನಿಗೆ ಬಯ್ಯುತ್ತಾಳೆಂದು ನಾನು ಹೆದರಿದೆ. ಅವಳು ಹಿಂದಕ್ಕೆ ತಿರುಗಿದಳು.

“ಯಾವನ್ಲಾ ಅವ್ನು ಕೂಗಿದ್ದು? ಇನ್ನೊಂದ್ ಸಲ ಕೂಗು ನೋಡಾನ!”

ಯಾರೂ ಕೂಗಲಿಲ್ಲ. ಪಲಾವು ತಣ್ಣಗಾಗುತ್ತಿದೆ ಎಂದು ಯಾರೋ ಜ್ಞಾಪಿಸಿದರು, ಸಭೆ ಮುಗಿಯಿತು.

ಮಾರಾಟವಾಗದ ಪ್ರತಿಗಳ ಕಟ್ಟುಗಳು ನನ್ನ ಗೋದಾಮಿಗೆ ಬಂದವು. ನಾನು ಬೀರು ತೆರೆದು ನನ್ನ ಹೆಸರಾಂತ ಗ್ರಂಥಗಳಲ್ಲಿ ಗೌರಿಯಂಥವರನ್ನು ಹುಡುಕಲು ಕೂತೆ. ಜನರಲ್ಲುಗಳ ಬಳಿ ಸಿಗಲಿಲ್ಲ, ಸಾಗಣೆ ವ್ಯವಸ್ಥೆ ಸಮರ್ಪಕವಾಗಿತ್ತು ಎಂಬರ್ಥದ ಮಾತು ಮಾತ್ರ ಅಲ್ಲಲ್ಲಿ ಇತ್ತು. ಸಿಕ್ಕಿದ್ದು ನಾನು ಹಾರಿಸಿದ್ದ ಪುಟಗಳಲ್ಲಿ, ಒದ್ದೆ ಕಾಲುಚೀಲಗಳ ಆಸುಪಾಸಿನಲ್ಲಿ. ಅಲ್ಲಿ ಹೇಸರಗತ್ತೆಗಳಿದ್ದವು, ಕೆಲವಕ್ಕೆ ಹೆಸರುಗಳೂ ಇದ್ದವು. ಈಗ ಆ ಪುಸ್ತಕಗಳನ್ನು ಮೊದಲಿನಿಂದ ಓದುತ್ತಿದ್ದೇನೆ.

ಮುಂದಿನ ವಾರ ಅಕ್ಕ ಬೆಳಿಗ್ಗೆಯ ಬಸ್ಸಿಗೇ ಬಂದಿಳಿದಳು. ಕಾಫಿ ಮುಟ್ಟಲಿಲ್ಲ.

“ಬಾಲ ಹಿಡ್ಕಂಡು ಬಂದಿದ್ದು ನಿಂಗೆ ಮೊದ್ಲೇ ಗೊತ್ತಿತ್ತೇನೋ?”

“ಬೈಲಕುಪ್ಪೇಲಿ ಹೇಳಿದ್ರು ಅಕ್ಕ.”

“ಆ ಟೀ ಅಂಗ್ಡಿಯೋರ್ಗೆ ಗೊತ್ತು, ನಿಂಗೆ ಗೊತ್ತು. ನಂಗ್ಯಾಕೋ ಒಂದಿನಾನೂ ಹೇಳ್ಲಿಲ್ಲ?”

“ಅಪ್ಪನ ಕಡೆದು ಎತ್ತಬ್ಯಾಡಿ ಅಂದಿದ್ದೆಯಲ್ಲಕ್ಕ” ಎಂದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಆಮೇಲೆ “ಆ ಪುಸ್ತಕದ ಕಟ್ಟೆಲ್ಲ ಆಟೋಗೆ ಹಾಕ್ಸು, ನಮ್ಮನೆಗೆ ಹೋಗ್ಲಿ” ಎಂದಳು. ದಾರಿಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಕಪ್ಪು ಪೆನ್ನು ಕೊಡಿಸು ಎಂದಳು, ದಪ್ಪನೆಯದು.

ಎರಡು ದಿನ ಬಿಟ್ಟು ಹೋಗಿ ನೋಡಿದರೆ ನಡುಮನೆಯ ತುಂಬ ಪುಸ್ತಕಗಳು. ಅಕ್ಕ ಚಾಪೆಯ ಮೇಲೆ ಕೂತಿದ್ದಾಳೆ. ಮೇಷ್ಟ್ರು ಕುದುರೆ ಎಂದು ಬರೆದಲ್ಲೆಲ್ಲ ಗೀಟು ಎಳೆದು, ಮೇಲೆ ತನ್ನ ನಾಲ್ಕನೇ ಕ್ಲಾಸಿನ ದುಂಡಕ್ಷರದಲ್ಲಿ ಹೇಸರಗತ್ತೆ ಎಂದು, ರಣಧೀರ ಎಂದಲ್ಲೆಲ್ಲ ಗೌರಿ ಎಂದು ಬರೆಯುತ್ತಿದ್ದಾಳೆ. ಬರೆದು ಮುಗಿದವನ್ನು ಮುಚ್ಚಿ, ರಕ್ಷಾಪುಟಕ್ಕೆ ಕೈ ಹಾಕುತ್ತಾಳೆ. ಅಲ್ಲಿ ಫ್ಲೆಕ್ಸ್ ಅಂಗಡಿಯವರು ಎಲ್ಲಿಂದಲೋ ತಂದ ಬಿಳಿ ಕುದುರೆ, ಅದರ ಮೇಲೆ ಯಾರದೋ ಮೈ, ಆ ಮೈಗೆ ಭಾವನ ಪಿಂಚಣಿ ಫೋಟೋದ ಮುಖ. ಅಕ್ಕ ನಾಲಿಗೆ ಕಚ್ಚಿಕೊಂಡು, ಒಂದೊಂದು ಪ್ರತಿಯಲ್ಲೂ ಆ ಕುದುರೆಯ ಕಿವಿಗಳನ್ನು ಉದ್ದ ಮಾಡುತ್ತಿದ್ದಳು.

ಭಾವ ಬಾಗಿಲಿಗೆ ಬಗ್ಗಿ ಒಳಗೆ ಬಂದರು. ಒಂದು ಪ್ರತಿ ಎತ್ತಿಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಕ ತಲೆ ಎತ್ತಲಿಲ್ಲ.

“ಒಸಿ ಇನ್ನೂ ಉದ್ದ ಇದ್ವು ಕಣೆ” ಎಂದರು ಭಾವ.

ಅಕ್ಕ ಕೈ ಚಾಚಿ ಆ ಪ್ರತಿಯನ್ನು ಇಸಿದುಕೊಂಡು, ಕಿವಿಗಳನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎಳೆದಳು.